ದಸರಾ ರಜೆಗೆ ಕಾಡುಪ್ರಾಣಿ ನೋಡಲು ನಮೀಬಿಯಾನಾ, ಬೋಟ್ಸ್ವಾನಾನಾ?

ಮಧುಗಿರಿ ಮೇಷ್ಟ್ರು:
ಎಲ್ಲರಿಗೂ ನಮಸ್ಕಾರ. ನಾನು ಮಧುಗಿರಿ ತಾಲ್ಲೂಕಿನಲ್ಲಿ ಹೈಸ್ಕೂಲ್ ಮೇಷ್ಟ್ರು. ಬಿಡುವು ಸಿಕ್ಕಾಗೆಲ್ಲ ಮೈದನಹಳ್ಳಿ ಹುಲ್ಲುಗಾವಲಿಗೆ ಹೋಗಿ ಕೃಷ್ಣಮೃಗ ನೋಡುವುದು ನನ್ನ ಹುಚ್ಚು. ಎಂಟನೇ ಕ್ಲಾಸಿನ ಮಗಳಿಗೂ ಅದು ಹತ್ತಿದೆ. 2022ರಲ್ಲಿ ನಮೀಬಿಯಾದಿಂದ ಎಂಟು ಚೀತಾಗಳು ಮಧ್ಯಪ್ರದೇಶದ ಕುನೋ ಕಾಡಿಗೆ ಬಂದವಲ್ಲ, ಆಗಿನಿಂದ ಅವು ಹುಟ್ಟಿದ ಊರು ನೋಡಬೇಕು ಅಂತ ಹಿಡಿದಿದ್ದಾಳೆ. ಚೀಟಿ ಹಾಕಿ ದುಡ್ಡು ಕೂಡಿಟ್ಟಿದ್ದೇವೆ. ಹೊರಡುವುದು ನಾನು, ಮನೆಯವರು, ಮಗಳು ಮತ್ತೆ ನಮ್ಮಪ್ಪ. ಅಪ್ಪನಿಗೆ ಅರವತ್ತೈದು ದಾಟಿದೆ.

ಒಬ್ಬ ಏಜೆಂಟ್ ದಕ್ಷಿಣ ಆಫ್ರಿಕಾ, ಬೋಟ್ಸ್ವಾನಾ, ಜಿಂಬಾಬ್ವೆ ಮೂರನ್ನೂ ಒಂದೇ ವಾರದಲ್ಲಿ ತೋರಿಸುತ್ತೇನೆ ಅಂತಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ಪ್ರಾಣಿ ನೋಡುವುದು ಅಂದರೆ ಒಂದು ಕಡೆ ಕೂರುವುದು, ಅಲ್ವಾ? ಒಂದೇ ದೇಶ ಆರಿಸಿಕೊಂಡರೆ ಯಾವುದು ಒಳ್ಳೆಯದು? ಅಕ್ಟೋಬರ್ ಸರಿಯಾದ ಕಾಲವೇ? ನಾವು ಸಸ್ಯಾಹಾರಿಗಳು, ಊಟದ ಕಥೆ ಏನು?

ಕ್ಯಾತಸಂದ್ರದ ಅಕ್ಕ:
ಮೇಷ್ಟ್ರೇ, ನಿಮ್ಮ ಮನಸ್ಸು ಹೇಳುತ್ತಿರುವುದೇ ಸರಿ. ಮೂರು ದೇಶ ಬೇಡ. ನಮೀಬಿಯಾ ಸಾಕು, ಅದರಲ್ಲೂ ಅಲ್ಲಿಯ ಎತೋಶಾ ನ್ಯಾಷನಲ್ ಪಾರ್ಕ್ ಒಂದೇ ಸಾಕು.

ಬೋಟ್ಸ್ವಾನಾ ಕಡಿಮೆ ಅಂತ ಅಲ್ಲ. ಚೋಬೆ ನದಿಯಲ್ಲಿ ದೋಣಿಯಲ್ಲಿ ಕೂತು ಆನೆ ಹಿಂಡು ನೋಡುವುದೇ ಒಂದು ಭಾಗ್ಯ. ಅಂಗೋಲಾದಲ್ಲಿ ಬಿದ್ದ ಮಳೆಯ ನೀರು ತಿಂಗಳುಗಟ್ಟಲೆ ಹರಿದು, ಅಲ್ಲಿಯ ಒಣಗಾಲದಲ್ಲಿ ಒಕವಾಂಗೋ ಡೆಲ್ಟಾ ಅನ್ನೋ ದೊಡ್ಡ ಜೌಗು ಪ್ರದೇಶ ತಲುಪುತ್ತದೆ. ಅದೂ ನೋಡುವಂಥದ್ದೇ. ಆದರೆ ಕಡಿಮೆ ಜನ, ಜಾಸ್ತಿ ದರ ಅನ್ನುವುದು ಅವರ ಪ್ರವಾಸೋದ್ಯಮದ ನೀತಿ. ಡೆಲ್ಟಾದೊಳಗಿನ ಎಷ್ಟೋ ಕ್ಯಾಂಪ್‌ಗಳಿಗೆ ಪುಟ್ಟ ವಿಮಾನದಲ್ಲೇ ಹೋಗಬೇಕು. ನಾಲ್ಕು ಜನಕ್ಕೆ ಚೀಟಿ ದುಡ್ಡು ಅಲ್ಲೇ ಮುಗಿಯುತ್ತದೆ.

ಎತೋಶಾದಲ್ಲಿ ಬಾಡಿಗೆ ಕಾರು ತಗೊಂಡು ನಾವೇ ಓಡಿಸಿಕೊಂಡು ಓಡಾಡಬಹುದು. ಅಕ್ಟೋಬರ್‌ನಲ್ಲಿ ಬಿಸಿಲು ಜೋರು, ಪಾವಗಡದ ಏಪ್ರಿಲ್ ಅಂದುಕೊಳ್ಳಿ. ಆದರೆ ಪ್ರಾಣಿ ನೋಡಲು ಅದೇ ಒಳ್ಳೆಯದು. ಒಣಗಾಲದ ಕೊನೆ, ಬೇರೆಲ್ಲೂ ನೀರಿಲ್ಲ, ಎಲ್ಲ ಹೊಂಡಕ್ಕೇ ಬರಬೇಕು. ಮಳೆ ಶುರುವಾದರೆ ಎಲ್ಲೆಲ್ಲೂ ನೀರು ನಿಂತು ಪ್ರಾಣಿಗಳು ಚದುರಿಹೋಗುತ್ತವೆ.

ಪಾರ್ಕಿನೊಳಗಿನ ಒಕಾಕ್ವೆಯೋ ಕ್ಯಾಂಪ್‌ನಲ್ಲೇ ಉಳಿಯಿರಿ. ಕ್ಯಾಂಪಿಗೆ ಅಂಟಿಕೊಂಡೇ ಒಂದು ನೀರಿನ ಹೊಂಡ ಇದೆ, ನಡುವೆ ಗಿಡ್ಡ ಕಲ್ಲಿನ ಗೋಡೆ, ಈಚೆ ಬೆಂಚು. ರಾತ್ರಿಯಿಡೀ ದೀಪ ಉರಿಯುತ್ತದೆ. ಕಪ್ಪು ಘೇಂಡಾಮೃಗ ಕತ್ತಲಿಂದ ಬರುವುದು ಮೊದಲು ಗೊತ್ತೇ ಆಗುವುದಿಲ್ಲ. ಕಲ್ಲಿನ ಮೇಲೆ ಗೊರಸಿನ ಸದ್ದು, ಆಮೇಲೆ ಒಂದು ದೊಡ್ಡ ಉಸಿರು. ನೀರಿಗೆ ಬಾಯಿ ಹಾಕುವ ಮುಂಚೆ ಕಿವಿ ಎರಡನ್ನೂ ಬೇರೆ ಬೇರೆ ದಿಕ್ಕಿಗೆ ತಿರುಗಿಸಿ ನಿಲ್ಲುತ್ತದೆ. ಮೇಲ್ತುಟಿ ಗಿಳಿಕೊಕ್ಕಿನ ಹಾಗೆ ಚೂಪು, ಪೊದೆ ಕಿತ್ತು ತಿನ್ನಲು. ಆನೆ ಬಂದರೆ ಸದ್ದಿಲ್ಲದೆ ಪಕ್ಕಕ್ಕೆ ಸರಿಯುತ್ತದೆ. ಬಿಳಿ ಸುಣ್ಣದ ಮಣ್ಣು ಮೆತ್ತಿಕೊಂಡು ಅಲ್ಲಿಯ ಆನೆಗಳೂ ಬೆಳ್ಳಗೆ ಕಾಣುತ್ತವೆ.

ಮಗಳಿಗೆ ಒಂದು ಮಾತು ಮೊದಲೇ ಹೇಳಿಡಿ. ನಮೀಬಿಯಾದ ಚೀತಾಗಳು ಹೆಚ್ಚಾಗಿ ಇರುವುದು ಪಾರ್ಕಿನಲ್ಲಲ್ಲ, ಖಾಸಗಿ ಜಮೀನುಗಳಲ್ಲಿ. ಎತೋಶಾದಲ್ಲಿ ಕಾಣುವುದು ಅದೃಷ್ಟ. ಅದಕ್ಕೇ ದಾರಿಯಲ್ಲಿ ಒಚಿವಾರೊಂಗೋ ಊರಿನ ಹತ್ತಿರ ಚೀತಾ ಕನ್ಸರ್ವೇಶನ್ ಫಂಡ್ ಅನ್ನೋ ಚೀತಾ ಉಳಿಸುವ ಸಂಸ್ಥೆಗೆ ಹೋಗಿ. ಅಲ್ಲಿ ಮೇಕೆ ಕಾಯುವ ದೊಡ್ಡ ನಾಯಿಗಳನ್ನು ಬೆಳೆಸಿ ರೈತರಿಗೆ ಕೊಡುತ್ತಾರೆ. ನಾಯಿ ಇದ್ದರೆ ಚೀತಾ ಮೇಕೆ ಹಿಂಡಿನ ಹತ್ತಿರ ಬರುವುದಿಲ್ಲ, ರೈತ ಅದಕ್ಕೆ ಗುಂಡು ಹೊಡೆಯುವುದೂ ಇಲ್ಲ. ಕುರಿ ಮೇಕೆ ನಂಬಿ ಬದುಕುವ ನಮ್ಮ ಜಿಲ್ಲೆಯ ಮಕ್ಕಳು ಇದನ್ನು ನೋಡಲೇಬೇಕು ಅನ್ನೋದು ನನ್ನ ಆಸೆ.

ಶಿರಾ ಡ್ರೈವರ್:
ಅಕ್ಕ ಹೇಳಿದ್ದು ಸರಿ. ಗಾಡಿ ವಿಷಯ ನಾನು ಸೇರಿಸುತ್ತೇನೆ ಸಾರ್. ಅಲ್ಲೂ ನಮ್ಮ ಹಾಗೆ ಎಡಗಡೆಯೇ ಓಡಿಸುವುದು. ಆರ್‌ಟಿಒದಲ್ಲಿ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಳ್ಳಿ. ರಾಜಧಾನಿ ವಿಂಡ್‌ಹುಕ್‌ನಿಂದ ಒಕಾಕ್ವೆಯೋ ಸುಮಾರು 435 ಕಿ.ಮೀ., ಟಾರು ರಸ್ತೆ. ಪಾರ್ಕಿನೊಳಗೆ ಜಲ್ಲಿ ರಸ್ತೆ, 60ರ ಮೇಲೆ ಹೋಗುವ ಹಾಗಿಲ್ಲ. ಜಲ್ಲಿಯಲ್ಲಿ ಸಡನ್ನಾಗಿ ಬ್ರೇಕ್ ಹಾಕಬೇಡಿ, ಸ್ಟೇರಿಂಗ್ ಎಳೆಯಬೇಡಿ. ಗಾಡಿ ತೆಗೆದುಕೊಳ್ಳುವಾಗಲೇ ಸ್ಟೆಪ್ನಿ, ಜಾಕು ಕಣ್ಣಾರೆ ನೋಡಿ. ಕತ್ತಲಾದ ಮೇಲೆ ಹೈವೇನಲ್ಲೂ ಓಡಿಸಬೇಡಿ, ಕುಡು ಅನ್ನೋ ದೊಡ್ಡ ಜಿಂಕೆ ಅಡ್ಡ ಹಾರುತ್ತೆ. ಪಾರ್ಕಿನಲ್ಲಿ ಸೂರ್ಯ ಮುಳುಗೋ ಹೊತ್ತಿಗೆ ಕ್ಯಾಂಪ್ ಗೇಟ್ ಹಾಕುತ್ತಾರೆ.

ತಿಪಟೂರು ನರ್ಸ್:
ಟಿಕೆಟ್ ಮಾಡಿಸುವ ಮುಂಚೆ ಇದನ್ನು ಓದಿ ಮೇಷ್ಟ್ರೇ. ನಮೀಬಿಯಾದಲ್ಲಿ ಹಳದಿ ಜ್ವರ ಇಲ್ಲ. ಆದರೆ ಆ ಜ್ವರ ಇರುವ ದೇಶಗಳ ಏರ್‌ಪೋರ್ಟಿನಲ್ಲಿ, ಅಂದರೆ ಅಡಿಸ್ ಅಬಾಬಾ ಅಥವಾ ನೈರೋಬಿಯಲ್ಲಿ 12 ಗಂಟೆಗಿಂತ ಜಾಸ್ತಿ ಕಾದು ಹೋದರೆ ಲಸಿಕೆಯ ಸರ್ಟಿಫಿಕೇಟ್ ಕೇಳುತ್ತಾರೆ. ಆ ಲಸಿಕೆಯನ್ನು ಅರವತ್ತು ದಾಟಿದವರು ಮೊದಲ ಸಲ ಹಾಕಿಸಿಕೊಂಡರೆ ತೊಂದರೆಯಾಗುವ ಸಂಭವ ಹೆಚ್ಚು. ನಿಮ್ಮ ತಂದೆಗೋಸ್ಕರ ಆ ದಾರಿಯೇ ಬೇಡ. ದುಬೈ, ದೋಹಾ ಕಡೆಯಿಂದ ಹೋಗುವ ವಿಮಾನ ನೋಡಿ. ಎತೋಶಾ ಕಡೆ ಮಲೇರಿಯಾ ಇದೆ, ಮಳೆಗಾಲದಲ್ಲಿ ಜಾಸ್ತಿ. ಮಾತ್ರೆ ಬೇಕಾ ಅಂತ ಡಾಕ್ಟರ್ ಹತ್ತಿರ ಮೊದಲೇ ಕೇಳಿ. ಮಗಳ ಜನನ ಪ್ರಮಾಣಪತ್ರ ಇಂಗ್ಲಿಷಿನಲ್ಲಿ ಇರಲಿ, ಕೈಚೀಲದಲ್ಲೇ ಇಟ್ಟುಕೊಳ್ಳಿ.

ಮಧುಗಿರಿ ಮೇಷ್ಟ್ರು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಾಯಿಗಳ ವಿಷಯ ಓದಿ ಮಗಳು ಆಗಲೇ ನೋಟ್‌ಬುಕ್ ತೆಗೆದಿದ್ದಾಳೆ. ನಮೀಬಿಯಾನೇ ಗಟ್ಟಿ. ಅಪ್ಪನಿಗೆ ಎರಡು ಹೊತ್ತು ಮುದ್ದೆ ಬೇಕು, ಅದೊಂದೇ ಚಿಂತೆ.

ಕ್ಯಾತಸಂದ್ರದ ಅಕ್ಕ:
ಚಿಂತೆ ಬೇಡ. ಕ್ಯಾಂಪಿನಲ್ಲಿ ಅಡುಗೆಮನೆ ಇರುವ ರೂಮನ್ನೇ ಕೇಳಿ. ರಾಗಿ ಹಿಟ್ಟು ಒಯ್ಯುವುದಾದರೆ ಪ್ಯಾಕ್ ಮಾಡಿದ್ದೇ ಇರಲಿ, ಅಲ್ಲಿ ಇಳಿದಾಗ ಕೇಳಿದರೆ ತೋರಿಸಿ. ಹಸಿ ತರಕಾರಿ, ಬೀಜ ಒಯ್ಯಬೇಡಿ. ಉತ್ತರ ನಮೀಬಿಯಾದ ಜನ ಉಣ್ಣುವುದೇ ಸಜ್ಜೆ, ಅವರು ಅದಕ್ಕೆ ಮಹಾಂಗು ಅಂತಾರೆ. ಅದರ ಹಿಟ್ಟಿನಲ್ಲೂ ಮುದ್ದೆ ತಿರುವಬಹುದು. ತರಕಾರಿ, ಬೇಳೆ ವಿಂಡ್‌ಹುಕ್‌ನಲ್ಲೇ ತುಂಬಿಸಿಕೊಳ್ಳಿ, ಪಾರ್ಕಿನ ಅಂಗಡಿ ನಂಬಿಕೊಂಡು ಹೋಗಬೇಡಿ. ರೂಮು ಮಾತ್ರ ಈಗಲೇ ಬುಕ್ ಮಾಡಿ. ಅಪ್ಪನವರು ನಡೆಯುವುದು ಕಷ್ಟ ಅಂದರೆ ಹೊಂಡದ ಹತ್ತಿರದ ರೂಮೇ ಬೇಕು ಅಂತ ಬರೆಯಿರಿ.