ಪ್ಲೇಸ್ಕೂಲ್ ವರ್ಷದ ಸೆಲ್ಫ್ ಅಸೆಸ್‌ಮೆಂಟ್ ಮಾಡಿದೋರು ಅನುಭವ ಹೇಳಿ

ಮೈಸೂರು ಟೀಚರಮ್ಮ: ಮನೆ ಕೆಳಗಡೇನೇ ಪ್ಲೇಸ್ಕೂಲ್, 22 ಮಕ್ಕಳು, ನಾನು, ಇನ್ನೊಬ್ರು ಟೀಚರ್, ಒಬ್ರು ಆಯಾ. ಏಪ್ರಿಲ್‌ನಲ್ಲಿ ನಾವು ಎಲ್ಲಿದೀವಿ ಅಂತ ನಾವೇ ಕೂತು ನೋಡ್ಕೊಬೇಕು ಅಂತಿದೀನಿ. ಯಾವ ಫಾರ್ಮ್ ಒಳ್ಳೇದು? ಪೇರೆಂಟ್ಸ್‌ನ ಸೇರಿಸ್ಕೊಂಡ್ರೆ ಎಡವಟ್ಟಾಗುತ್ತಾ?

ಬೆಣ್ಣೆದೋಸೆ ದಾವಣಗೆರೆ: ಕನ್ಸಲ್ಟೆಂಟ್ ಮಾತ್ರ ಕರೆಸ್ಬೇಡಿ. 18,000 ಕೊಟ್ಟೆ, ಪೆಟ್ರೋಲ್ ಅಂತ 2,400, ಊಟ ಬೇರೆ. 64 ಪುಟದ ರಿಪೋರ್ಟು, ಸ್ಪೈರಲ್ ಬೈಂಡಿಂಗು, ಒಳಗೆ ಎರಡು ಕಡೆ ಬೇರೆ ಸ್ಕೂಲಿನ ಹೆಸರು ಹಾಗೇ ಇತ್ತು! 2013ರ ಇಸಿಸಿಇ ಪಾಲಿಸಿ (ಚಿಕ್ಕ ಮಕ್ಕಳ ಆರೈಕೆ, ಶಿಕ್ಷಣಕ್ಕೆ ಕೇಂದ್ರ ಸರ್ಕಾರದ ನೀತಿ) ಪ್ರಕಾರ ಕ್ಲಾಸ್ ರೂಮ್ 35 ಚದರ ಮೀಟರ್ ಇರ್ಬೇಕು, ನಿಮ್ದು 31 ಅಂದ್ರು. ಹೆದರಿ ಗೋಡೆ ಒಡೆಸಿದೆ, ಮೇಸ್ತ್ರಿ 85 ಸಾವಿರ ತಗೊಂಡ, ಜೂನ್ ಬಂದ್ರೂ ಟೈಲ್ಸ್ ಆಗಿಲ್ಲ, ಧೂಳು ನೋಡಿ ಮೂರು ಅಡ್ಮಿಷನ್ ವಾಪಸ್ ಹೋಯ್ತು. ಆಮೇಲೆ ಓದಿದ್ರೆ ಆ 35 ಇರೋದು 30 ಮಕ್ಕಳಿಗಂತೆ. ನನ್ನತ್ರ ಇದ್ದಿದ್ದೇ 19.

ಅಂಗನವಾಡಿ ಅಕ್ಕ: ನಿಮಗಿದು ವರ್ಷಕ್ಕೊಂದ್ಸಲ, ನಮಗೆ ದಿನಾ. ಸರ್ಕಾರದ ಪೋಷಣ್ ಟ್ರ್ಯಾಕರ್ ಆ್ಯಪ್‌ಗೆ ಹಾಜರಿ, ತೂಕ, ಎತ್ತರ, ಈಗ ರೇಷನ್ ಕೊಡೋಕೂ ಮುಖ ತೋರಿಸ್ಬೇಕು, ನೆಟ್‌ವರ್ಕ್ ಸಿಗ್ದೆ ಬಾಣಂತಿನ ಬಿಸಿಲಲ್ಲಿ ನಿಲ್ಸಿ ಬೈಸ್ಕೊಂಡಿದೀನಿ. ಒಂದ್ಸಲ ನಾನೇ ಗಡಿಯಾರ ಇಟ್ಕೊಂಡು ಚಿಲಿಪಿಲಿ, ಅಂದ್ರೆ ನಮ್ಮ ಆಟ-ಪಾಠದ ಚಟುವಟಿಕೆ, ಎಷ್ಟು ಹೊತ್ತು ನಡೀತದೆ ಅಂತ ಬರ್ದೆ. ಸೋಮವಾರ 40 ನಿಮಿಷ, ಮಂಗಳವಾರ 15, ಬುಧವಾರ ಮೊಟ್ಟೆ ಸುಲಿಯೋದ್ರಲ್ಲೇ ಮುಗೀತು. ನೋಟ್‌ಬುಕ್ ಮೇಲಿನವ್ರಿಗೆ ತೋರಿಸಿದ್ರೆ "ಇದನ್ನ ಯಾರು ಬರೀ ಅಂದ್ರು" ಅಂತ ನನಗೇ ಬೈಗುಳ.

ಸದ್ಯ ಟೆಕ್ಸಸ್: ನಾನಿಲ್ಲಿ ಹೆಡ್ ಸ್ಟಾರ್ಟ್ (ಬಡ ಮನೆ ಮಕ್ಕಳಿಗೆ ಅಮೆರಿಕ ಸರ್ಕಾರದ ಪ್ರೀಸ್ಕೂಲ್) ಸೆಂಟರ್‌ನಲ್ಲಿ ಅಸಿಸ್ಟೆಂಟ್ ಟೀಚರ್. 1965ರಿಂದ ಇರೋ ಪ್ರೋಗ್ರಾಮ್, ವರ್ಷಕ್ಕೊಂದ್ಸಲ ಸೆಲ್ಫ್ ಅಸೆಸ್‌ಮೆಂಟ್ ಕಡ್ಡಾಯ, ನಿರ್ಧಾರ ಮಾಡೋ ಪಾಲಿಸಿ ಕೌನ್ಸಿಲ್‌ನಲ್ಲಿ ಪೇರೆಂಟ್ಸೇ ಮೆಜಾರಿಟಿ. 14 ಸಂಜೆ ಕೂತ್ವಿ, ಓವರ್‌ಟೈಮ್ ಒಂದು ಡಾಲರ್ ಇಲ್ಲ. ನಾವು ಫ್ಯಾಮಿಲಿ ಜೊತೆ ಮಾತುಕತೆಗೆ "ತುಂಬಾ ಚೆನ್ನಾಗಿದೆ" ಅಂತ ಟಿಕ್ ಹಾಕಿದ್ವಿ, ಒಬ್ರು ನೇಪಾಳಿ ತಾಯಿ ಬ್ಯಾಗಿಂದ ನಾವು ಮನೆಗೆ ಕಳಿಸಿದ್ದ ವರ್ಷದ ಚೀಟಿಗಳನ್ನೆಲ್ಲ ತೆಗೆದು ಟೇಬಲ್ ಮೇಲಿಟ್ರು, ರಬ್ಬರ್ ಬ್ಯಾಂಡ್ ಸಮೇತ. ಒಂದೂ ಓದೋಕೆ ಬಂದಿರ್ಲಿಲ್ಲ ಅವ್ರಿಗೆ. ಪೇರೆಂಟ್ಸ್ ಇಲ್ದೆ ಮಾಡೋದು ಅಸೆಸ್‌ಮೆಂಟೇ ಅಲ್ಲ.

ಹುಬ್ಬಳ್ಳಿ ಗಿರ್ಮಿಟ್: ಟೆಕ್ಸಸ್‌ನಾಗ ಕುಂತು ಹೇಳೂದು ಸುಲಭ ಐತ್ರಿ ಅಕ್ಕಾರ. ನಾ ಪಾಲಕರನ್ನ ಕೇಳೇ ಕೆಟ್ಟೆ. 26 ಫಾರ್ಮ್ ಹಂಚಿದ್ದೆ, 21 ವಾಪಸ್ ಬಂದ್ವು, 19ರಾಗ ಒಂದ ಮಾತು, ಎಬಿಸಿಡಿ ಬರ್ಸೂದು ಜಾಸ್ತಿ ಮಾಡ್ರಿ ಅಂತ. ಮೂರು ವರ್ಷದ ಕೂಸಿನ ಕೈಯಾಗ ಪೆನ್ಸಿಲ್ ನಿಲ್ಲಂಗಿಲ್ಲ! ನಾ ಆಗಂಗಿಲ್ಲ ಅಂದೆ, ಉಸುಕಿನ ಆಟ ಬಿಡಲಿಲ್ಲ. ಜೂನ್‌ದಾಗ 7 ಮಕ್ಕಳು ಬಾಜೂ ಸಾಲಿಗೆ ಹೋದ್ವು. ತಿಂಗಳಿಗೆ 1,200ರಂಗ ಹತ್ತು ತಿಂಗಳಿಗೆ 84,000, ನೀವ ಕೊಡ್ತೀರೇನು?

ಸದ್ಯ ಟೆಕ್ಸಸ್: ಕೇಳಿದ್ಮೇಲೆ ಅವ್ರ ಮಾತು ತೆಗೆದು ಹಾಕಿದ್ರಿ, ಯಾಕೆ ಅಂತ ಕೂರಿಸಿ ಹೇಳಿದ್ರಾ?

ಹುಬ್ಬಳ್ಳಿ ಗಿರ್ಮಿಟ್: ಎರಡು ಮೀಟಿಂಗ್ ಮಾಡೇನ್ರಿ, ಚಾ ಬಿಸ್ಕೀಟಿಗೇ 900 ರೂಪಾಯಿ. ಗೊತ್ತಿಲ್ದ ಮಾತಾಡಬ್ಯಾಡ್ರಿ.

ಅಂಗನವಾಡಿ ಅಕ್ಕ: 7 ಮಕ್ಕಳಿಗೇ ಹಿಂಗಾದ್ರೆ? ನಮ್ಮ ಕೇಂದ್ರದಿಂದ ನಿಮ್ಮಂಥೋರ ಎಲ್‌ಕೆಜಿಗೆ 11 ಮಕ್ಕಳು ಹೋದಾಗ ಯಾರೂ ಅಳ್ಲಿಲ್ಲ. ಟೈ, ಬೂಟು, ವ್ಯಾನು ನೋಡಿ ಸೇರಿಸ್ತಾರೆ, ಮೊಟ್ಟೆ ದಿನ ಮಾತ್ರ ಅದೇ ಟೈ ಹಾಕ್ಕೊಂಡು ಇಲ್ಲಿಗೆ ಬರ್ತವೆ.

ಮೈಸೂರು ಟೀಚರಮ್ಮ: ಅಯ್ಯೋ ಜಗಳ ಬೇಡ. ಫಾರ್ಮ್ ಯಾವ್ದು ಅಂತ ಕೇಳಿದ್ನಲ್ಲ...

ಬೆಣ್ಣೆದೋಸೆ ದಾವಣಗೆರೆ: ನನ್ನ 64 ಪುಟ ಇದೆ ಮೇಡಂ, ಕಳಿಸ್ತೀನಿ, ಹೆಸರು ತಿದ್ಕೊಳಿ. ಹುಬ್ಬಳ್ಳಿಯವರೇ, ಉಸುಕಿನಲ್ಲಿ ಬೆಕ್ಕು ಗಲೀಜು ಮಾಡಲ್ವಾ? ನಾನು ಅದಕ್ಕೇ ತೆಗೆಸ್ಬಿಟ್ಟೆ.

ಹುಬ್ಬಳ್ಳಿ ಗಿರ್ಮಿಟ್: ಮಾಡ್ತಾವ್ರಿ. ರಾತ್ರಿ ತಾಡಪಾಲ್ ಹೊಚ್ಚತೀನಿ, 650 ರೂಪಾಯಿದ್ದು. ಮೊದಲನೇದ್ದು ಇಲಿ ಕಡದ್ವು, ಇದು ಎರಡನೇದ್ದು.