ಮುಂದಿನ ವರ್ಷ ಅತ್ತೆ-ಮಾವನವರೊಂದಿಗೆ ಒರ್ಲಾಂಡೊದ ಡಿಸ್ನಿ ವರ್ಲ್ಡ್: ಯಾವ ವಾರ ಹೋಗಬೇಕು, ಹಣವನ್ನು ಹೇಗೆ ಹೊಂದಿಸಬೇಕು?

ಶರಾವತಿ ತೀರ (ಎಡಿಸನ್, ನ್ಯೂಜೆರ್ಸಿ)

ಎಲ್ಲರಿಗೂ ನಮಸ್ಕಾರ. ಮುಂದಿನ ಮೇ ತಿಂಗಳಲ್ಲಿ ನನ್ನ ಅತ್ತೆ-ಮಾವ ತೀರ್ಥಹಳ್ಳಿ ಕಡೆಯಿಂದ ನಮ್ಮಲ್ಲಿಗೆ ಬರಲಿದ್ದಾರೆ. ಚಳಿ ಶುರುವಾಗುವ ಮೊದಲೇ ಊರಿಗೆ ಮರಳಬೇಕೆಂಬುದು ಅವರ ಇಚ್ಛೆ. ಅವರು ಇಲ್ಲಿರುವಾಗಲೇ ಮನೆಮಂದಿಯೆಲ್ಲ ಕೂಡಿ ಫ್ಲಾರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್ ನೋಡಿ ಬರಬೇಕೆಂದು ನಿಶ್ಚಯಿಸಿದ್ದೇವೆ. ನಾವು ಒಟ್ಟು ಆರು ಜನ: ನಾನು, ನಮ್ಮ ಯಜಮಾನರು, ಅತ್ತೆ, ಮಾವ, ಮುಂದಿನ ವರ್ಷದ ಡಿಸೆಂಬರಿನಲ್ಲಿ ಹತ್ತು ತುಂಬುವ ಮಗಳು, ಅದೇ ವರ್ಷದ ಅಕ್ಟೋಬರಿನಲ್ಲಿ ಮೂರು ತುಂಬುವ ಮಗ. ಮಾವನವರಿಗೆ ಮಂಡಿನೋವಿದೆ, ಅರ್ಧ ಗಂಟೆ ನಡೆದರೆ ಕುಳಿತುಕೊಳ್ಳಲೇಬೇಕು. ಮನೆಯಲ್ಲಿ ಎಲ್ಲರೂ ಸಸ್ಯಾಹಾರಿಗಳು, ಅತ್ತೆಯವರು ಮೊಟ್ಟೆ ಸೇರಿದ ಕೇಕನ್ನೂ ಮುಟ್ಟುವುದಿಲ್ಲ.

ಪ್ರಯಾಣ, ವಸತಿ, ಟಿಕೆಟ್, ಊಟ ಎಲ್ಲವೂ ಸೇರಿ 8,000 ಡಾಲರ್ ಮೀರಬಾರದು ಎಂಬುದು ನಾವು ಹಾಕಿಕೊಂಡ ಮಿತಿ. ಕ್ರೆಡಿಟ್ ಕಾರ್ಡಿನ ಮೇಲೆ ಸಾಲ ಮಾಡಿ, ಹಿಂತಿರುಗಿದ ಮೇಲೆ ತಿಂಗಳುಗಟ್ಟಲೆ ತೀರಿಸುವುದು ನಮಗೆ ಬೇಡ. ಹೊರಡುವ ದಿನಕ್ಕೆ ಹಣ ಕೈಯಲ್ಲಿರಬೇಕು. ಇನ್ನೂ ಒಂದು ವರ್ಷಕ್ಕಿಂತ ಹೆಚ್ಚು ಸಮಯವಿದೆ. ಮೊದಲು ಯಾವುದನ್ನು ತೀರ್ಮಾನಿಸಬೇಕು, ಯಾವುದಕ್ಕೆ ಕಾಯಬಹುದು, ಹಿರಿಯರಿಗೆ ಆಯಾಸವಾಗದಂತೆ ದಿನಗಳನ್ನು ಹೇಗೆ ಹಂಚಬೇಕು ಎಂಬುದನ್ನು ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಪಯಣಿಗ (ಶಾರ್ಲೆಟ್, ನಾರ್ತ್ ಕ್ಯಾರೊಲೈನಾ)

ನಮಸ್ಕಾರ. ಹೋಟೆಲನ್ನೂ ವಿಮಾನವನ್ನೂ ಹುಡುಕುವ ಮೊದಲು ಹೋಗುವ ವಾರವನ್ನು ನಿಶ್ಚಯಿಸಿಕೊಳ್ಳಿ, ಏಕೆಂದರೆ ನಿಮ್ಮ ಬಜೆಟ್ಟಿನ ಬಹುಪಾಲು ಆ ಒಂದು ತೀರ್ಮಾನದಲ್ಲೇ ನಿರ್ಧಾರವಾಗುತ್ತದೆ. ಡಿಸ್ನಿ ವರ್ಲ್ಡ್ 2018ರ ಅಕ್ಟೋಬರಿನಿಂದ ಟಿಕೆಟ್ ದರವನ್ನು ದಿನಾಂಕಕ್ಕೆ ಕಟ್ಟಿಹಾಕಿದೆ. 2025ರಲ್ಲಿ ಒಂದು ದಿನದ ಟಿಕೆಟ್ ಅತಿ ಕಡಿಮೆಯೆಂದರೆ 119 ಡಾಲರ್ ಇದ್ದರೆ, ಕ್ರಿಸ್‌ಮಸ್ ವಾರದಲ್ಲಿ ಅಲ್ಲಿನ ಪಾರ್ಕುಗಳಲ್ಲೊಂದಾದ ಮ್ಯಾಜಿಕ್ ಕಿಂಗ್‌ಡಮ್‌ಗೆ 199 ಡಾಲರ್ ಇತ್ತು. ಕೋಣೆಯ ಬಾಡಿಗೆಯೂ ಇದೇ ರೀತಿ ಏರಿಳಿಯುತ್ತದೆ.

ನಿಮ್ಮ ಮಕ್ಕಳ ವಯಸ್ಸು ಈ ಲೆಕ್ಕಕ್ಕೆ ಬಹಳ ಮುಖ್ಯ. ಮೂರು ವರ್ಷ ತುಂಬದ ಮಗುವಿಗೆ ಪಾರ್ಕಿನ ಟಿಕೆಟ್ ಬೇಕಿಲ್ಲ. ಮೂರರಿಂದ ಒಂಬತ್ತರವರೆಗೆ ಮಕ್ಕಳ ದರ, ಹತ್ತು ತುಂಬಿದರೆ ದೊಡ್ಡವರ ದರ. ಟಿಕೆಟ್ಟಿನಲ್ಲಿ ಈ ಎರಡು ದರಗಳ ನಡುವೆ ಅಂತರ ಅಷ್ಟೇನೂ ಇಲ್ಲ; ಆದರೆ ಬಫೆ ಊಟಗಳಲ್ಲಿ ಅದು ಚೆನ್ನಾಗಿಯೇ ಎದ್ದು ಕಾಣುತ್ತದೆ. ಅಕ್ಟೋಬರಿಗೆ ಮೊದಲು ಹೋದರೆ ನಿಮಗೆ ಒಂದು ಇಡೀ ಟಿಕೆಟ್ಟಿನ ಹಣ ಉಳಿಯುತ್ತದೆ. ವಿಮಾನದ ವಿಷಯ ಮಾತ್ರ ಬೇರೆ: ಎರಡು ವರ್ಷ ದಾಟಿದ ಮಗುವಿಗೆ ಅಲ್ಲಿ ಪ್ರತ್ಯೇಕ ಸೀಟು ಕೊಳ್ಳಲೇಬೇಕು.

ನನ್ನ ಸಲಹೆ ಆಗಸ್ಟಿನ ಕೊನೆಯ ವಾರ. ಮಧ್ಯ ಫ್ಲಾರಿಡಾದ ಶಾಲೆಗಳು ಆಗಸ್ಟ್ 10ರ ಆಸುಪಾಸಿನಲ್ಲೇ ತೆರೆಯುತ್ತವೆ, ದಕ್ಷಿಣದ ಇತರ ರಾಜ್ಯಗಳ ಶಾಲೆಗಳೂ ಆ ವೇಳೆಗೆ ಆರಂಭವಾಗಿರುತ್ತವೆ. ನ್ಯೂಜೆರ್ಸಿಯಲ್ಲಿ ಹೆಚ್ಚಿನ ಶಾಲೆಗಳು ಸೆಪ್ಟೆಂಬರ್ ಮೊದಲ ವಾರದವರೆಗೂ ಮುಚ್ಚಿರುತ್ತವೆಯಾದ್ದರಿಂದ, ಮಗಳಿಗೆ ಒಂದು ದಿನದ ಪಾಠವೂ ತಪ್ಪದೆ, ಜನಸಂದಣಿ ಇಳಿದಿರುವ ಹಾಗೂ ದರವೂ ಕಡಿಮೆ ಇರುವ ವಾರ ನಿಮಗೆ ಸಿಗುತ್ತದೆ.

ನವೆಂಬರಿನ ಆರಂಭವನ್ನು ಯಾರಾದರೂ ಸೂಚಿಸಬಹುದು. ಅಲ್ಲಿನ ಶಿಕ್ಷಕರ ಸಮ್ಮೇಳನದ ಕಾರಣ ನ್ಯೂಜೆರ್ಸಿಯ ಶಾಲೆಗಳಿಗೆ ಆ ವಾರದ ಗುರುವಾರ, ಶುಕ್ರವಾರ ರಜೆ ಇರುತ್ತದೆ ಎಂಬುದು ನಿಮಗೆ ಗೊತ್ತೇ ಇದೆ. ನಿಮ್ಮ ರಾಜ್ಯದ ಸಾವಿರಾರು ಕುಟುಂಬಗಳು ಆಗಲೇ ಒರ್ಲಾಂಡೊಗೆ ಹೊರಡುತ್ತವೆ. ಡಿಸ್ನಿ ಪ್ರವಾಸಿಗರಲ್ಲಿ ಅದಕ್ಕೆ ‘ಜೆರ್ಸಿ ವೀಕ್’ ಎಂದೇ ಹೆಸರು. ಆಗ ನಿಮ್ಮ ಮಗನಿಗೂ ಮೂರು ತುಂಬಿರುತ್ತದೆ.

ಬೆಳಗಿನ ಮಂಜು (ಟ್ಯಾಂಪಾ, ಫ್ಲಾರಿಡಾ)

ಪಯಣಿಗ ಅವರ ಲೆಕ್ಕ ಹಣದ ದೃಷ್ಟಿಯಿಂದ ಸರಿಯಾಗಿದೆ. ಆದರೆ ಮಂಡಿನೋವಿರುವ ಹಿರಿಯರನ್ನು ಆಗಸ್ಟಿನಲ್ಲಿ ಇಲ್ಲಿಗೆ ಕರೆತರುವ ಮೊದಲು ಇಲ್ಲಿನ ಹವೆಯನ್ನು ತಿಳಿದುಕೊಂಡಿರಬೇಕು. ನಾನು ಇಲ್ಲಿಯೇ ವಾಸಿಸುತ್ತಿರುವುದರಿಂದ ಹೇಳುತ್ತೇನೆ: ಉಷ್ಣಾಂಶ 33 ಡಿಗ್ರಿ ಎಂದು ತೋರಿಸಿದರೂ ತೇವದಿಂದಾಗಿ ಅದು ಇನ್ನೂ ಹೆಚ್ಚಾಗಿ ತಟ್ಟುತ್ತದೆ, ಮಂಗಳೂರಿನ ಮೇ ತಿಂಗಳ ಸೆಖೆಯನ್ನು ನೆನೆಸಿಕೊಳ್ಳಿ. ಮಧ್ಯಾಹ್ನದ ಮೇಲೆ ಗುಡುಗುಮಳೆ ಬರುವುದು ಸಾಮಾನ್ಯ, ಮಿಂಚಿದಾಗ ಬಯಲಿನ ರೈಡ್‌ಗಳನ್ನು ನಿಲ್ಲಿಸುತ್ತಾರೆ. ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲ, ಅದರ ಉತ್ಕರ್ಷ ಸೆಪ್ಟೆಂಬರ್ 10ರ ಸುತ್ತಮುತ್ತ. 2022ರಲ್ಲಿ ಇಯಾನ್, 2024ರಲ್ಲಿ ಮಿಲ್ಟನ್ ಬಂದಾಗ ಪಾರ್ಕುಗಳನ್ನು ಮುಚ್ಚಬೇಕಾಯಿತು. ಹವೆಯೊಂದನ್ನೇ ನೋಡುವುದಾದರೆ ನವೆಂಬರ್ ಎಷ್ಟೋ ಮೇಲು. ಆದರೆ ಮೇ ತಿಂಗಳಲ್ಲಿ ಬಂದವರಿಗೆ ಸಾಮಾನ್ಯವಾಗಿ ಆರು ತಿಂಗಳ ವಾಸ್ತವ್ಯವನ್ನಷ್ಟೇ ಕೊಡುವುದರಿಂದ, ಐ-94 ಎಂಬ ಪ್ರವೇಶ ದಾಖಲೆಯಲ್ಲಿರುವ ವಾಸ್ತವ್ಯದ ಕೊನೆಯ ದಿನಾಂಕಕ್ಕೆ ನವೆಂಬರ್ ಪ್ರವಾಸ ತೀರಾ ಹತ್ತಿರವಾಗುತ್ತದೆ. ನವೆಂಬರೇ ಬೇಕೆಂದಾದರೆ ಅವರು ಊರಿನಿಂದ ಹೊರಡುವುದನ್ನೇ ಜೂನ್ ಕೊನೆಗೆ ಮುಂದೂಡಿ.

ಆಗಸ್ಟನ್ನೇ ಆರಿಸಿಕೊಂಡರೆ ದಿನಚರಿಯನ್ನು ಬಿಸಿಲಿಗೆ ತಕ್ಕಂತೆ ಹೊಂದಿಸಿಕೊಳ್ಳಿ. ಬಾಗಿಲು ತೆರೆಯುವ ಹೊತ್ತಿಗೆ ಒಳಗಿರಿ, ಹನ್ನೆರಡರ ಸುಮಾರಿಗೆ ಕೋಣೆಗೆ ಮರಳಿ ಊಟ, ನಿದ್ದೆ ಮುಗಿಸಿ, ಶಕ್ತಿಯಿದ್ದವರು ಸಂಜೆ ಮತ್ತೆ ಹೋಗಿ. ಆಗಸ್ಟ್ ಮಧ್ಯದಿಂದಲೇ ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಕೆಲವು ರಾತ್ರಿಗಳಲ್ಲಿ ಪ್ರತ್ಯೇಕ ಟಿಕೆಟ್ಟಿನ ಹ್ಯಾಲೊವೀನ್ ಪಾರ್ಟಿ ನಡೆಯುತ್ತದೆ. ಆ ದಿನ ಸಾಮಾನ್ಯ ಟಿಕೆಟ್ಟಿನವರು ಸಂಜೆ 6ಕ್ಕೆ ಹೊರಬರಬೇಕು, ರಾತ್ರಿಯ ಬಾಣಬಿರುಸು ಅವರಿಗಿಲ್ಲ. ಆದರೆ ಅದೇ ಕಾರಣಕ್ಕೆ ಹಗಲಿನಲ್ಲಿ ಜನ ಕಡಿಮೆ. ಬಾಣಬಿರುಸು ನೋಡಲೇಬೇಕೆಂದರೆ ಪಾರ್ಟಿಯಿಲ್ಲದ ದಿನವನ್ನು ಹುಡುಕಿಕೊಳ್ಳಬೇಕು.

ಇನ್ನು ನಾನು ಒತ್ತಿ ಹೇಳಬೇಕೆಂದಿರುವ ಮಾತು: ಆರೂ ಜನರಿಗೆ ಒಂದೇ ಬಗೆಯ ಟಿಕೆಟ್ ಕೊಳ್ಳಬೇಕಾಗಿಲ್ಲ. ನೀವು ದಂಪತಿಗಳು ಮತ್ತು ಮಗಳು ನಾಲ್ಕು ದಿನದ ಟಿಕೆಟ್ ತೆಗೆದುಕೊಳ್ಳಿ, ಅತ್ತೆ-ಮಾವನವರಿಗೆ ಎರಡು ದಿನದ್ದು ಸಾಕು. ಅಲ್ಲಿನ ಪಾರ್ಕುಗಳಾದ ಎಪ್ಕಾಟ್ ಮತ್ತು ಅನಿಮಲ್ ಕಿಂಗ್‌ಡಮ್‌ಗಳನ್ನು ಅವರಿಗಾಗಿ ಇಟ್ಟುಕೊಳ್ಳಿ. ಎಪ್ಕಾಟ್‌ನಲ್ಲಿ ‘ಲಿವಿಂಗ್ ವಿತ್ ದಿ ಲ್ಯಾಂಡ್’ ಎಂಬ ನಿಧಾನಗತಿಯ ದೋಣಿಯಾನವಿದೆ. ಹಸಿರುಮನೆಗಳ ಒಳಗೆ ಮಣ್ಣಿಲ್ಲದೆ ಬೆಳೆಸಿದ ತರಕಾರಿ, ಹಣ್ಣಿನ ಗಿಡಗಳ ನಡುವೆ ದೋಣಿ ಸಾಗುತ್ತದೆ. ಮಲೆನಾಡಿನಲ್ಲಿ ತೋಟ ಮಾಡಿದ ಹಿರಿಯರಿಗೆ ಅಲ್ಲಿ ಮಾತನಾಡಲು ಬೇಕಾದಷ್ಟು ಸಿಗುತ್ತದೆ. ಹನ್ನೊಂದು ದೇಶಗಳ ಮಂಟಪಗಳಿರುವ ವರ್ಲ್ಡ್ ಷೋಕೇಸ್ ಮಾತ್ರ ಕೆರೆಯ ಸುತ್ತ ಸುಮಾರು ಎರಡು ಕಿಲೋಮೀಟರ್ ನಡಿಗೆ. ಮಾವನವರು ಒಪ್ಪಿದರೆ ಬಾಗಿಲಿನಲ್ಲೇ ಗಾಲಿಕುರ್ಚಿಯನ್ನು ಬಾಡಿಗೆಗೆ ಪಡೆಯಿರಿ, ಅದರ ಹಣವನ್ನು ಈಗಲೇ ಬಜೆಟ್ಟಿನಲ್ಲಿ ಸೇರಿಸಿಡಿ. ಅನಿಮಲ್ ಕಿಂಗ್‌ಡಮ್‌ನ ಸಫಾರಿಗೆ ಬೆಳಿಗ್ಗೆ ಮೊದಲೇ ಹೋಗಿ. ಆದರೆ ಆ ವಾಹನ ಕುಲುಕುತ್ತದೆಂಬುದನ್ನು ಅವರಿಗೆ ಮೊದಲೇ ತಿಳಿಸಿ.

ಊಟದ ಬಗ್ಗೆ ಚಿಂತೆ ಬೇಡ. ಗಾಜಿನ ಪಾತ್ರೆಯಲ್ಲಿರದ, ಬಿಸಿ ಮಾಡಬೇಕಿಲ್ಲದ ಆಹಾರವನ್ನು ಪಾರ್ಕಿನೊಳಗೆ ಒಯ್ಯಲು ಅನುಮತಿಯಿದೆ. ಚಪಾತಿ, ಚಿತ್ರಾನ್ನ, ಅವಲಕ್ಕಿ ಎಲ್ಲವೂ ಆಗುತ್ತದೆ. ಪಾನೀಯ ಮಾರುವ ಕ್ವಿಕ್ ಸರ್ವಿಸ್ ಹೋಟೆಲುಗಳಲ್ಲಿ ಕೇಳಿದರೆ ತಣ್ಣೀರನ್ನು ಉಚಿತವಾಗಿ ಕೊಡುತ್ತಾರೆ. ಒಂದು ಹೊತ್ತು ಕುಳಿತು ಉಣ್ಣುವ ಆಸೆಯಿದ್ದರೆ ಅನಿಮಲ್ ಕಿಂಗ್‌ಡಮ್ ಲಾಡ್ಜ್‌ನ ಸನಾ ಎಂಬಲ್ಲಿ ಬಗೆಬಗೆಯ ನಾನ್‌ಗಳು ಚಟ್ನಿ, ರಾಯತಗಳೊಂದಿಗೆ ಬರುತ್ತವೆ, ಕಿಟಕಿಯಾಚೆ ಜಿರಾಫೆ, ಜೀಬ್ರಾಗಳು ಮೇಯುತ್ತಿರುತ್ತವೆ. ಮೊಟ್ಟೆಯ ವಿಷಯವನ್ನು ಕಾಯ್ದಿರಿಸುವಾಗಲೂ, ಕುಳಿತ ಮೇಲೂ ಹೇಳಿ.

ರೈಲುಪ್ರಿಯ (ಫೇರ್‌ಫ್ಯಾಕ್ಸ್, ವರ್ಜಿನಿಯಾ)

ವಿಮಾನಕ್ಕೆ ಬದಲಾಗಿ ಆ್ಯಮ್‌ಟ್ರಾಕ್‌ನ ಆಟೋ ಟ್ರೇನನ್ನು ಪರಿಶೀಲಿಸಿ. ವರ್ಜಿನಿಯಾದ ಲಾರ್ಟನ್‌ನಲ್ಲಿ ನಿಮ್ಮ ಕಾರನ್ನು ರೈಲಿಗೆ ಏರಿಸಿ, ಸಂಜೆ ಹೊರಟು, ಮರುದಿನ ಬೆಳಿಗ್ಗೆ ಒರ್ಲಾಂಡೊ ಹತ್ತಿರದ ಸ್ಯಾನ್‌ಫರ್ಡ್‌ನಲ್ಲಿ ಇಳಿಯಬಹುದು. ಎಡಿಸನ್‌ನಿಂದ ಲಾರ್ಟನ್ ನಾಲ್ಕು ಗಂಟೆಯ ದಾರಿ. ಎರಡರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಅರ್ಧ ದರವಿದೆ. ಕಾರನ್ನು ಬಾಡಿಗೆಗೆ ಪಡೆಯುವ ಖರ್ಚು ಉಳಿಯುತ್ತದೆ. ಅನ್ನದ ಕುಕ್ಕರ್, ಮಗುವಿನ ತಳ್ಳುಗಾಡಿ, ಮಾವನವರ ದಿಂಬು ಯಾವುದಕ್ಕೂ ಸಾಮಾನಿನ ಶುಲ್ಕವಿಲ್ಲ. ಮಲಗುವ ಕೋಣೆ ದುಬಾರಿ. ಹಿರಿಯರಿಬ್ಬರಿಗೆ ಮಾತ್ರ ಅದನ್ನು ಪಡೆದು ಉಳಿದವರು ಸೀಟಿನಲ್ಲಿ ಕುಳಿತರೂ ಆದೀತು.

ಕಾರು ಜೊತೆಗಿದ್ದರೆ ಡಿಸ್ನಿಗೆ ಹತ್ತಿರದ ಊರಾದ ಕಿಸಿಮ್ಮಿಯಲ್ಲಿ ಅಡುಗೆಮನೆಯಿರುವ ಬಾಡಿಗೆ ಮನೆಯೂ ನಿಮ್ಮ ಕೈಗೆಟುಕುತ್ತದೆ. ಬಾಡಿಗೆಯೊಂದನ್ನೇ ನೋಡಬೇಡಿ, ಸ್ವಚ್ಛತಾ ಶುಲ್ಕ, ತೆರಿಗೆ, ಪಾರ್ಕಿನಲ್ಲಿ ದಿನದಿನವೂ ಕೊಡಬೇಕಾದ ಪಾರ್ಕಿಂಗ್ ಶುಲ್ಕ ಎಲ್ಲವನ್ನೂ ಕೂಡಿಸಿ ಹೋಲಿಸಿ.

ಶರಾವತಿ ತೀರ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಮನೆಯಲ್ಲಿ ಕುಳಿತು ಮಾತನಾಡಿದೆವು, ಊರಿಗೂ ಫೋನ್ ಮಾಡಿ ಕೇಳಿದೆವು. ಮಾವನವರು ಸೆಖೆ ತಮಗೆ ಹೊಸದಲ್ಲವೆಂದೂ, ನವೆಂಬರಿನಲ್ಲಿ ಅಡಿಕೆ ಕೊಯ್ಲಿಗೆ ತಾವು ತೋಟದಲ್ಲಿರಲೇಬೇಕೆಂದೂ ಹೇಳಿದರು. ಆದ್ದರಿಂದ ಆಗಸ್ಟಿನ ಕೊನೆಯ ವಾರ, ಐದು ರಾತ್ರಿಗಳು ಎಂದು ನಿಶ್ಚಯಿಸಿದ್ದೇವೆ. ಹಿರಿಯರಿಗೆ ಎರಡು ದಿನದ ಟಿಕೆಟ್ ಎಂಬ ಸಲಹೆಯನ್ನು ಹಾಗೆಯೇ ಒಪ್ಪಿಕೊಂಡಿದ್ದೇವೆ. ಮಧ್ಯಾಹ್ನ ಮರಳಿ ಬಂದು ಮಲಗಬೇಕಾದ್ದರಿಂದ ಡಿಸ್ನಿಯ ಒಳಗಿನ ಹೋಟೆಲೇ ಅನುಕೂಲವೆಂದು ತೋರುತ್ತದೆ. ಆರು ಜನರಿಗೆ ಒಂದೇ ಕೋಣೆ ಸಿಗುವುದೆಲ್ಲಿ? ಹಣವನ್ನು ಯಾವ ಯಾವ ಹಂತದಲ್ಲಿ ಕಟ್ಟಬೇಕಾಗುತ್ತದೆ, ಆರೋಗ್ಯದ ಕಾರಣಕ್ಕೆ ಪ್ರಯಾಣ ನಿಂತರೆ ಎಷ್ಟು ಕಳೆದುಕೊಳ್ಳುತ್ತೇವೆ?

ಪಯಣಿಗ

ಅಗ್ಗದ ವರ್ಗದ ಸಾಮಾನ್ಯ ಕೋಣೆಗಳಲ್ಲಿ ನಾಲ್ವರಿಗೆ ಮಾತ್ರ ಅವಕಾಶ, ಮೂರು ತುಂಬದ ಒಂದು ಮಗುವನ್ನು ಹೆಚ್ಚುವರಿಯಾಗಿ ಒಪ್ಪುತ್ತಾರೆ. ಆರು ಜನರಿಗೆ ಆಲ್-ಸ್ಟಾರ್ ಮ್ಯೂಸಿಕ್ ಮತ್ತು ಆರ್ಟ್ ಆಫ್ ಅನಿಮೇಷನ್ ಹೋಟೆಲುಗಳಲ್ಲಿ ಫ್ಯಾಮಿಲಿ ಸೂಟ್‌ಗಳಿವೆ. ಎರಡರಲ್ಲೂ ಎರಡು ಸ್ನಾನಗೃಹ, ಫ್ರಿಜ್, ಮೈಕ್ರೊವೇವ್ ಇರುತ್ತವೆ. ಆಲ್-ಸ್ಟಾರ್ ಸಾಮಾನ್ಯವಾಗಿ ಅಗ್ಗ, ಆದರೆ ಅಲ್ಲಿಂದ ಬಸ್ಸು ಮಾತ್ರ. ಆರ್ಟ್ ಆಫ್ ಅನಿಮೇಷನ್‌ನಿಂದ ಎಪ್ಕಾಟ್ ಮತ್ತು ಇನ್ನೊಂದು ಪಾರ್ಕಾದ ಹಾಲಿವುಡ್ ಸ್ಟುಡಿಯೋಸ್‌ಗೆ ಸ್ಕೈಲೈನರ್ ಎಂಬ ತೂಗುತೊಟ್ಟಿಲಿನ ಸಾರಿಗೆಯಿದೆ. ಮಧ್ಯಾಹ್ನ ಹೋಗಿ ಬರುವವರಿಗೆ ಅದು ದೊಡ್ಡ ಅನುಕೂಲ, ಆದರೆ ಸಿಡಿಲಿನ ಹೊತ್ತಿನಲ್ಲಿ ನಿಲ್ಲುತ್ತದೆ. ಇಂಥ ಹೋಟೆಲುಗಳಲ್ಲಿ ತಂಗಿದವರಿಗೆ ಪಾರ್ಕಿಂಗ್ ಉಚಿತ, ಎಲ್ಲ ಪಾರ್ಕುಗಳಿಗೂ ಅರ್ಧ ಗಂಟೆ ಮುಂಚಿತ ಪ್ರವೇಶವುಂಟು. ಬಿಸಿಲೇರುವ ಮೊದಲು ಸಿಗುವ ಆ ಅರ್ಧ ಗಂಟೆ ನಿಮಗೆ ಬಹಳ ಬೆಲೆಯುಳ್ಳದ್ದು. ಜಾಹೀರಾತಿನ ದರಕ್ಕೆ ಕೌಂಟಿಯನ್ನು ನೋಡಿಕೊಂಡು ಶೇಕಡಾ 12.5 ಅಥವಾ 13.5ರಷ್ಟು ತೆರಿಗೆ ಸೇರುತ್ತದೆಂಬುದನ್ನು ಮರೆಯದಿರಿ.

ಕೋಣೆ ಮತ್ತು ಟಿಕೆಟ್ ಸೇರಿದ ಪ್ಯಾಕೇಜಿಗೆ 200 ಡಾಲರ್ ಮುಂಗಡ ಸಾಕು. ಉಳಿದದ್ದನ್ನು ಹೊರಡುವ 30 ದಿನಗಳ ಮೊದಲು ಕಟ್ಟಬೇಕು, ನಡುವೆ ಕಂತುಕಂತಾಗಿಯೂ ಕಟ್ಟುತ್ತಾ ಬರಬಹುದು. 30 ದಿನಕ್ಕೆ ಮುಂಚೆ ರದ್ದುಪಡಿಸಿದರೆ ಕಟ್ಟಿದ್ದೆಲ್ಲ ಮರಳುತ್ತದೆ. ಬಿಡಿಯಾಗಿ ಕೊಂಡ ಟಿಕೆಟ್ಟುಗಳಿಗೆ ಹಣ ಮರಳುವುದಿಲ್ಲ, ಆದರೆ ಬಳಸದ ಟಿಕೆಟ್ಟಿನ ಮೌಲ್ಯವನ್ನು ಬೇರೆ ದಿನಾಂಕದ ಟಿಕೆಟ್ಟಿಗೆ ಹೊಂದಿಸಿಕೊಳ್ಳಬಹುದು. ಯಾರೋ ಅರ್ಧ ಬಳಸಿ ಮಾರುವ ಟಿಕೆಟ್ಟುಗಳನ್ನು ಎಂದಿಗೂ ಕೊಳ್ಳಬೇಡಿ, ಅವು ಒಬ್ಬರಿಂದ ಒಬ್ಬರಿಗೆ ವರ್ಗಾವಣೆಯಾಗುವುದಿಲ್ಲ. ಆರೋಗ್ಯದ ಭಯವಿರುವುದರಿಂದ ಹಿರಿಯರಿಗೆ ಇಲ್ಲಿನ ವೈದ್ಯಕೀಯ ವೆಚ್ಚ ಭರಿಸುವ ಪ್ರವಾಸಿ ವಿಮೆಯನ್ನು ಅವರು ಊರಿನಿಂದ ಹೊರಡುವ ಮೊದಲೇ ಮಾಡಿಸಿ. ಮೊದಲಿನಿಂದಿರುವ ಕಾಯಿಲೆಗಳಿಗೆ ಅದು ಎಷ್ಟರಮಟ್ಟಿಗೆ ಅನ್ವಯಿಸುತ್ತದೆಂಬ ಷರತ್ತನ್ನು ಪೂರ್ತಿಯಾಗಿ ಓದಿ. ಆ ಹಣ ಪ್ರವಾಸದ ಬಜೆಟ್ಟಿಗೆ ಸೇರಬಾರದು, ಅದು ಅವರ ಇಡೀ ವಾಸ್ತವ್ಯಕ್ಕೆ ಸಂಬಂಧಿಸಿದ್ದು.

ಪ್ರತ್ಯೇಕ ಉಳಿತಾಯ ಖಾತೆಯೊಂದನ್ನು ತೆರೆದು, ಸಂಬಳ ಬಂದ ದಿನವೇ ಅದಕ್ಕೆ ನಿಗದಿತ ಮೊತ್ತ ಹೋಗುವಂತೆ ಮಾಡಿ. 8,000 ಡಾಲರನ್ನು ಹನ್ನೆರಡು ತಿಂಗಳಿಗೆ ಹಂಚಿದರೆ ತಿಂಗಳಿಗೆ ಸುಮಾರು 667 ಡಾಲರ್ ಆಗುತ್ತದೆ. ಇದು ಭಾರವೆನಿಸಿದರೆ ಕಡಿತವನ್ನು ಈಗಲೇ ಮಾಡಿ, ಐದು ರಾತ್ರಿಯನ್ನು ನಾಲ್ಕಕ್ಕೆ ಇಳಿಸಿ. ಅಲ್ಲಿಗೆ ಹೋದ ಮೇಲೆ ಮಕ್ಕಳ ಮುಂದೆ ಪ್ರತಿ ತಿಂಡಿಗೂ ಲೆಕ್ಕ ಹಾಕುವ ಸ್ಥಿತಿ ಬರಬಾರದು.

ಕ್ಯೂ ತಪ್ಪಿಸುವ ಲೈಟ್ನಿಂಗ್ ಲೇನನ್ನು ಮ್ಯಾಜಿಕ್ ಕಿಂಗ್‌ಡಮ್ ಮತ್ತು ಹಾಲಿವುಡ್ ಸ್ಟುಡಿಯೋಸ್‌ಗಳ ದಿನ ನೀವು ಮೂವರಿಗೆ ಮಾತ್ರ ಕೊಂಡರೆ ಸಾಕು. ಒಳಗೆ ತಂಗಿದವರಿಗೆ ಅದು 7 ದಿನ ಮೊದಲೇ ಸಿಗುತ್ತದೆ, ಹೊರಗಿನವರಿಗೆ 3 ದಿನ ಮೊದಲು. ಎತ್ತರ ಸಾಲದೆ ಮಗ ಹೊರಗುಳಿಯುವ ರೈಡ್‌ಗಳಲ್ಲಿ ‘ರೈಡರ್ ಸ್ವಿಚ್’ ಕೇಳಿ. ನಿಮ್ಮಲ್ಲಿ ಒಬ್ಬರು ಹೋಗಿ ಬರುವವರೆಗೆ ಇನ್ನೊಬ್ಬರು ಮಗುವಿನೊಂದಿಗಿದ್ದು, ಬಳಿಕ ಮತ್ತೆ ಕ್ಯೂ ನಿಲ್ಲದೆ ಒಳಗೆ ಹೋಗಬಹುದು, ಅದಕ್ಕೆ ಶುಲ್ಕವಿಲ್ಲ. ಸನಾದಂಥ ಹೋಟೆಲುಗಳ ಮೇಜನ್ನು 60 ದಿನ ಮೊದಲು ಬೆಳಿಗ್ಗೆಯೇ ಕಾಯ್ದಿರಿಸಬೇಕು. ಆಗಸ್ಟಿನ ಕೊನೆಯ ವಾರಕ್ಕಾದರೆ ಅದು ಜೂನ್ ಕೊನೆಗೆ ಬರುತ್ತದೆ, ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಹಾಕಿಡಿ. ಇನ್ನು ಚಂಡಮಾರುತದ ವಿಷಯ: ನೀವು ತಲುಪುವ ದಿನಕ್ಕೆ 7 ದಿನಗಳೊಳಗೆ ಒರ್ಲಾಂಡೊ ಪ್ರದೇಶಕ್ಕಾಗಲಿ ನಿಮ್ಮ ಊರಿಗಾಗಲಿ ರಾಷ್ಟ್ರೀಯ ಚಂಡಮಾರುತ ಕೇಂದ್ರವು ಎಚ್ಚರಿಕೆ ಹೊರಡಿಸಿದರೆ, ಡಿಸ್ನಿಯಿಂದಲೇ ನೇರವಾಗಿ ಕೊಂಡ ಪ್ಯಾಕೇಜನ್ನು ಅವರ ಶುಲ್ಕವಿಲ್ಲದೆ ಮುಂದೂಡಬಹುದು ಅಥವಾ ರದ್ದುಪಡಿಸಬಹುದು. ವಿಮಾನ, ರೈಲುಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ. ಆದ್ದರಿಂದ ಅವುಗಳಲ್ಲಿ ತುಸು ಹೆಚ್ಚು ಕೊಟ್ಟಾದರೂ ದಿನಾಂಕ ಬದಲಿಸಲು ಅವಕಾಶವಿರುವ ಟಿಕೆಟ್ಟನ್ನೇ ತೆಗೆದುಕೊಳ್ಳಿ.