ಬಾಡಿಗೆ ಮನೆಯಲ್ಲಿ ಓನರ್ ಬಿಟ್ಟಿರುವ ಸಾಮಾನು ನಮಗೆ ಬೇಡ, ಏನು ಮಾಡಬೇಕು?

ಖಾಲಿ ಗೋಡೆ:

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಎರಡು ರೂಮಿನ ಫ್ಲ್ಯಾಟ್‌ಗೆ ಬಂದೆವು. ನಾನು, ಹೆಂಡತಿ, ಮೂರು ವರ್ಷದ ಮಗಳು. ಮನೆ ಚೆನ್ನಾಗಿದೆ, ಗಾಳಿ ಬೆಳಕಿಗೆ ಕೊರತೆ ಇಲ್ಲ. ತೊಂದರೆ ಇರುವುದೆಲ್ಲ ಓನರ್ ಬಿಟ್ಟುಹೋಗಿರುವ ಸಾಮಾನಿನದು.

ಹಾಲ್‌ನಲ್ಲಿ ಒಂದು ದೊಡ್ಡ ಸೋಫಾ ಸೆಟ್, ಗೋಡೆಗೆ ಆನಿಸಿಟ್ಟ ಏಳು ಅಡಿ ಎತ್ತರದ ಶೋಕೇಸ್. ರೂಮಿನಲ್ಲಿ ಡಬಲ್ ಮಂಚ, ಅದರ ಮೇಲೆ ಹಳೇ ಹಾಸಿಗೆ. ನಮ್ಮದೇ ಮಂಚ ಇದೆ, ಅದನ್ನು ಬಿಚ್ಚಿ ಅಡುಗೆಮನೆ ಬಾಗಿಲ ಪಕ್ಕ ಒರಗಿಸಿಟ್ಟು ಒಂದು ತಿಂಗಳಾಯಿತು. ರಾತ್ರಿ ನೀರು ಕುಡಿಯಲು ಎದ್ದರೆ ಕಾಲಿಗೆ ತಗಲುತ್ತದೆ.

ಸೋಫಾದ್ದು ಇನ್ನೊಂದು ಕಥೆ. ಒಂದು ಕೈಯ ಹತ್ತಿರ ಬಟ್ಟೆ ಹರಿದಿದೆ. ದಿನಾ ಬೆಳಿಗ್ಗೆ ಕಸ ಗುಡಿಸುವಾಗ ಅದರ ಕೆಳಗೆ ಹಳದಿ ಪುಡಿ ಬಿದ್ದಿರುತ್ತದೆ, ಒಳಗಿನ ಫೋಮ್ ಉದುರುತ್ತಿದೆ. ಮಗಳು ಆಡುವುದು ಅಲ್ಲೇ. ಮೊನ್ನೆ ಶೋಕೇಸ್‌ನ ಕೆಳಗಿನ ಡ್ರಾಯರ್ ಎಳೆದು ಅದರ ಮೇಲೆ ಹತ್ತಿ ನಿಂತಿದ್ದಳು. ಶೋಕೇಸ್ ಅಲುಗಾಡಿದ್ದು ನೋಡಿ ನನ್ನ ಹೆಂಡತಿ ಓಡಿಹೋಗಿ ಎತ್ತಿಕೊಂಡಳು.

ಓನರ್‌ಗೆ ಫೋನ್ ಮಾಡಿದೆ. "ಇರಲಿ ಬಿಡಿ, ಒಳ್ಳೇ ಮರದ್ದು, ನಿಮಗೇ ಉಪಯೋಗಕ್ಕೆ ಬರುತ್ತೆ" ಅಂದರು. ಮಾತು ಮೃದುವಾಗಿಯೇ ಆಡುತ್ತಾರೆ, ಆದರೆ ತೆಗೆದುಕೊಂಡು ಹೋಗುವ ಸುದ್ದಿಯೇ ಇಲ್ಲ. ಅಗ್ರಿಮೆಂಟ್‌ನಲ್ಲಿ "ಸಾಮಾನು ಸಮೇತ" ಅಂತ ಒಂದು ಸಾಲು ಇದೆ, ಯಾವ ಸಾಮಾನು ಅಂತ ಪಟ್ಟಿ ಇಲ್ಲ. ಅವರ ಮನಸ್ಸು ನೋಯಿಸದೆ, ನಮ್ಮ ಅಡ್ವಾನ್ಸ್‌ಗೂ ಕತ್ತರಿ ಬೀಳದ ಹಾಗೆ ಇದನ್ನು ಹೇಗೆ ಬಗೆಹರಿಸಲಿ? ಅನುಭವ ಇದ್ದವರು ದಯವಿಟ್ಟು ಹೇಳಿ.

ಮೂರನೇ ಮಹಡಿ:

ಮೊದಲು ಒಂದು ಮಾತು. ಓನರ್‌ಗೆ ಹೇಳದೆ ಯಾವುದನ್ನೂ ಹೊರಗೆ ಹಾಕಬೇಡಿ, ಯಾರಿಗೂ ಕೊಡಬೇಡಿ. ಎಷ್ಟೇ ಹಾಳಾಗಿದ್ದರೂ ಅದು ಅವರದು. ನಾನು ಈ ತಪ್ಪು ಮಾಡಿ ಅನುಭವಿಸಿದ್ದೇನೆ, ಅದಕ್ಕೇ ಹೇಳುತ್ತಿರುವುದು.

ಹಿಂದಿನ ಮನೆಯಲ್ಲಿ ಒಂದು ಡೈನಿಂಗ್ ಟೇಬಲ್, ಆರು ಕುರ್ಚಿ ಇದ್ದವು. ಬಾಯಿಮಾತಲ್ಲಿ "ಎಲ್ಲಾದರೂ ಪಕ್ಕಕ್ಕೆ ಇಡಿ" ಅಂದಿದ್ದರು. ನಾನು ಟೆರೇಸ್‌ನಲ್ಲಿ ಪ್ಲಾಸ್ಟಿಕ್ ಹೊದಿಸಿ ಇಟ್ಟೆ. ವರ್ಷ ಕಳೆದ ಮೇಲೆ ತೆಗೆದು ನೋಡಿದರೆ ಟೇಬಲ್ ಹಲಗೆ ಉಬ್ಬಿ ಅಂಚಲ್ಲಿ ಪದರ ಪದರವಾಗಿ ಬಿಟ್ಟುಕೊಂಡಿತ್ತು. ಮನೆ ಬಿಡುವಾಗ ಅಡ್ವಾನ್ಸ್‌ನಲ್ಲಿ ದೊಡ್ಡ ಭಾಗ ಹಿಡಿದುಕೊಂಡರು. ಅವರು ಹಾಗೆ ಹೇಳಿದ್ದರು ಅನ್ನುವುದಕ್ಕೆ ನನ್ನ ಹತ್ತಿರ ಒಂದು ಮೆಸೇಜ್ ಕೂಡ ಇರಲಿಲ್ಲ. ತುಂಬ ದಿನ ಆ ಸಂಕಟ ಹೋಗಲಿಲ್ಲ.

ಹಾಗಾಗಿ ಇವತ್ತೇ ಫೋಟೋ ತೆಗೆಯಿರಿ. ಮುಂದಿನಿಂದ ಮಾತ್ರ ಅಲ್ಲ. ಸೋಫಾ ತಿರುಗಿಸಿ ಕೆಳಗಡೆ, ಶೋಕೇಸ್ ಹಿಂಬದಿ, ಡ್ರಾಯರ್ ಒಳಗೆ, ಹಾಸಿಗೆಯ ಎರಡೂ ಮಗ್ಗುಲು. ಹರಿದ ಜಾಗಕ್ಕೆ ಹತ್ತಿರ ಹೋಗಿ ಒಂದು, ದೂರದಿಂದ ಒಂದು. ಎಲ್ಲವನ್ನೂ ಓನರ್‌ಗೆ ಕಳಿಸಿ, "ನಾವು ಬಂದಾಗ ಇವು ಈ ಸ್ಥಿತಿಯಲ್ಲಿದ್ದವು" ಅಂತ ಒಂದು ಸಾಲು ಬರೆಯಿರಿ. ನೀವು ಬಂದು ತಿಂಗಳಷ್ಟೇ ಆಗಿದೆ, ಈಗ ಕಳಿಸಿದರೆ ಯಾರೂ ಏನೂ ಅನ್ನುವುದಿಲ್ಲ. ಬಿಡುವ ವಾರ ಕಳಿಸಿದರೆ ಅದಕ್ಕೆ ಬೆಲೆ ಇಲ್ಲ.

ಇನ್ನೊಂದು, "ನಿಮ್ಮ ಸಾಮಾನೆಲ್ಲ ತೆಗೆಯಿರಿ" ಅಂತ ಒಟ್ಟಾಗಿ ಕೇಳಬೇಡಿ. ಹಾಗೆ ಕೇಳಿದರೆ ಆಗಲ್ಲ ಅನ್ನುವುದೇ ಅವರಿಗೆ ಸುಲಭ. ಒಂದೊಂದನ್ನೇ ಕೇಳಿ. ಹಾಸಿಗೆ ಬೇಡ, ಯಾಕೆ ಬೇಡ. ಮಂಚ ಬಿಚ್ಚಿ ಇಂಥ ಕಡೆ ಇಡಬಹುದಾ. ಸಾಗಿಸುವ ಖರ್ಚು ಯಾರದು, ನೀವು ಬಿಡುವಾಗ ಮತ್ತೆ ಜೋಡಿಸುವುದು ಯಾರು, ಇಟ್ಟ ಜಾಗದಲ್ಲಿ ಕೆಟ್ಟರೆ ಯಾರ ಹೊಣೆ. ಈ ಮೂರು ಬರವಣಿಗೆಯಲ್ಲಿ ಇರಲೇಬೇಕು. ಫೋನಲ್ಲಿ ಮಾತಾಡಿದರೂ ಆಮೇಲೆ "ನಾವು ಮಾತಾಡಿದ ಹಾಗೆ..." ಅಂತ ಮೆಸೇಜ್ ಹಾಕಿ, ಅವರಿಂದ ಒಂದು "ಸರಿ" ಬರಲಿ.

ಮನೆ ಕೊಟ್ಟವಳು:

ನಾನು ಓನರ್ ಕಡೆಯವಳು, ಒಂದು ಫ್ಲ್ಯಾಟ್ ಬಾಡಿಗೆಗೆ ಕೊಟ್ಟಿದ್ದೇನೆ. ಸಾಮಾನು ಬಿಟ್ಟಿರುವವರೆಲ್ಲ ಹಟಕ್ಕೆ ಬಿಟ್ಟಿರುವುದಿಲ್ಲ ಅಂತ ಹೇಳಬೇಕು ಅನ್ನಿಸಿತು.

ನನ್ನ ಫ್ಲ್ಯಾಟ್‌ನಲ್ಲಿ ಅಮ್ಮನ ಮಂಚ ಇತ್ತು. ಅಮ್ಮ ಹೋದ ಮೇಲೆ ಅದನ್ನು ನಮ್ಮ ಈಗಿನ ಮನೆಗೆ ತರಲು ಜಾಗ ಇರಲಿಲ್ಲ, ಮಾರಲು ಮನಸ್ಸು ಬರಲಿಲ್ಲ. ಅಲ್ಲೇ ಬಿಟ್ಟೆ. ಮೊದಲು ಬಂದ ಬಾಡಿಗೆಯವರು "ಇದನ್ನ ತೆಗೆಸಿ, ಹಳೇದು" ಅಂದರು. ಆ ಮಾತು ಚುಚ್ಚಿತು, ಹಟ ಮಾಡಿದೆ. ಆಮೇಲೆ ಬಂದ ಹುಡುಗಿ ಬೇರೆ ಥರ ಕೇಳಿದಳು. ರೂಮಿನ ಉದ್ದ ಅಗಲ ಅಳೆದು, ತನ್ನ ಕೆಲಸದ ಮೇಜು ಎಲ್ಲಿ ಬರಬೇಕು, ಮಂಚ ಇದ್ದರೆ ಬಾಗಿಲು ಎಷ್ಟು ತೆರೆಯುತ್ತದೆ ಅಂತ ಕಾಗದದ ಮೇಲೆ ಗೀಟು ಹಾಕಿ ಕಳಿಸಿದಳು. "ಈ ಮಂಚ ನಿಮಗೆ ಬೇಕಾದದ್ದಾ ಆಂಟಿ, ಹೌದಾದರೆ ಜೋಪಾನವಾಗಿ ಎಲ್ಲಿಡೋಣ ಹೇಳಿ" ಅಂತ ಕೇಳಿದಳು. ವಾರದೊಳಗೆ ತಂಗಿ ಮನೆಗೆ ಸಾಗಿಸಿದೆ, ಖರ್ಚು ನಾನೇ ಹಾಕಿದೆ.

ನಿಮ್ಮ ಓನರ್‌ನ ಕೇಳಿ ನೋಡಿ, ಇವುಗಳಲ್ಲಿ ಅವರಿಗೆ ನಿಜವಾಗಿ ಬೇಕಾದದ್ದು ಯಾವುದು ಅಂತ. ಶೋಕೇಸ್ ಯಾರದೋ ನೆನಪಿಗೆ ಇಟ್ಟಿರಬಹುದು, ಸೋಫಾ ಸುಮ್ನೆ ಉಳಿದುಹೋಗಿರಬಹುದು. ಇನ್ನೂ ಒಂದು ಕಾರಣ ಇರುತ್ತದೆ. ಸಾಮಾನು ಸಮೇತ ಅಂದರೆ ಬಾಡಿಗೆ ಸ್ವಲ್ಪ ಜಾಸ್ತಿ ಬರುತ್ತದೆ, ತೆಗೆದರೆ ಬಾಡಿಗೆ ಇಳಿಸಿ ಅನ್ನುತ್ತಾರೇನೋ ಅನ್ನುವ ಭಯ. ನೀವು ಬಾಡಿಗೆ ಇಳಿಸಲು ಕೇಳುತ್ತಿಲ್ಲ ಅಂತಾದರೆ ಅದನ್ನು ಮೊದಲನೇ ಸಾಲಲ್ಲೇ ಬರೆದುಬಿಡಿ. ಅರ್ಧ ದಾರಿ ಅಲ್ಲೇ ಸಾಗುತ್ತದೆ.

ಉಳಿ ಸುತ್ತಿಗೆ:

ಮರಗೆಲಸ ನನ್ನ ಕಸುಬು. ಮಿಕ್ಕಿದ್ದೆಲ್ಲ ನಿಧಾನಕ್ಕೆ ಮಾಡಿ, ಶೋಕೇಸ್ ವಿಷಯ ಮಾತ್ರ ನಾಳೆಗೆ ಇಡಬೇಡಿ.

ಎತ್ತರದ ಸಾಮಾನು ನಿಂತಿರುವುದು ಭಾರ ಹಿಂದಕ್ಕೆ ಇರುವ ತನಕ. ಡ್ರಾಯರ್ ಎಳೆದರೆ ಭಾರ ಮುಂದಕ್ಕೆ ಬರುತ್ತದೆ. ಎರಡು ಡ್ರಾಯರ್ ಒಟ್ಟಿಗೆ ತೆರೆದು ಅದರ ಮೇಲೆ ಮಗು ನಿಂತರೆ ಇಡೀ ಶೋಕೇಸ್ ಮುಗುಚುತ್ತದೆ. ಏಳು ಅಡಿಯದ್ದು ಗಾಜು ಸಮೇತ ಬಿದ್ದರೆ ಏನಾಗುತ್ತದೆ ಅಂತ ನಾನು ಹೇಳಬೇಕಾಗಿಲ್ಲ. ಮೇಲ್ಗಡೆ ಎರಡು ಕಡೆ ಎಲ್ ಆಕಾರದ ಕ್ಲ್ಯಾಂಪ್ ಹಾಕಿ ಗೋಡೆಗೆ ಬಿಗಿಯಬೇಕು. ಒಂದು ಗಂಟೆಯ ಕೆಲಸವೂ ಅಲ್ಲ. ಗೋಡೆಗೆ ತೂತು ಕೊರೆಯಲು ಓನರ್ ಒಪ್ಪಿಗೆ ಬೇಕು, ಇವತ್ತೇ ಕೇಳಿ. ಅಲ್ಲಿವರೆಗೆ ಮೇಲಿನ ಭಾರ ಎಲ್ಲ ಕೆಳಗಿನ ಖಾನೆಗೆ ಇಳಿಸಿ, ಡ್ರಾಯರ್ ತೆರೆಯದ ಹಾಗೆ ಗಟ್ಟಿ ಟೇಪ್ ಹಾಕಿ.

ಮಂಚ ಬಿಚ್ಚುವ ಮೊದಲು ಅದು ಯಾವುದರದ್ದು ನೋಡಿ. ಗಟ್ಟಿ ಮರದ ಮಂಚ ಬೋಲ್ಟ್ ಬಿಚ್ಚಿ ಎಷ್ಟು ಸಲ ಬೇಕಾದರೂ ಜೋಡಿಸಬಹುದು. ಪಾರ್ಟಿಕಲ್ ಬೋರ್ಡಿನದು ಹಾಗಲ್ಲ. ಅದು ಮರದ ಚೂರನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ, ಸ್ಕ್ರೂ ತೆಗೆದು ಮತ್ತೆ ಹಾಕಿದ ಹಾಗೆಲ್ಲ ತೂತು ಸಡಿಲ ಆಗುತ್ತದೆ. ಅದನ್ನು ಬಿಚ್ಚದೆ ಸಾಗಿಸಲು ಆಗುವುದಾದರೆ ಹಾಗೇ ಸಾಗಿಸಿ. ಪ್ರತಿ ಕೂಡಿಕೆಯ ಎರಡೂ ಕಡೆ ಪೆನ್ಸಿಲಲ್ಲಿ ಒಂದೇ ಗುರುತು ಹಾಕಿ, ಒಂದು ಒಂದು, ಎರಡು ಎರಡು ಅಂತ. ಬೋಲ್ಟ್ ಎಲ್ಲ ಒಂದು ಚೀಲಕ್ಕೆ ತುಂಬಿ ಮಂಚದ ಚೌಕಟ್ಟಿಗೇ ಕಟ್ಟಿ. ಬೇರೆ ಡಬ್ಬಿಯಲ್ಲಿ ಇಟ್ಟರೆ ಅದು ಸಿಗುವುದಿಲ್ಲ.

ಇಡುವಾಗ ಪ್ಲಾಸ್ಟಿಕ್ ಬಿಗಿದು ಸುತ್ತಬೇಡಿ. ಮೂರನೇ ಮಹಡಿಯವರ ಟೇಬಲ್ ಕೆಟ್ಟದ್ದಕ್ಕೆ ಅದೂ ಒಂದು ಕಾರಣ ಇರಬೇಕು. ಒಳಗಿನ ತೇವ ಹೊರಗೆ ಹೋಗದೆ ಬೂಷ್ಟು ಹಿಡಿಯುತ್ತದೆ. ಹಳೇ ಕಾಟನ್ ಬೆಡ್‌ಶೀಟ್ ಹೊದಿಸಿ. ನೆಲದಿಂದ ಎರಡು ಇಂಚು ಮೇಲೆ, ಹೊರಗಿನ ಗೋಡೆಯಿಂದ ಒಂದು ಗೇಣು ದೂರ.

ನಿದ್ದೆಗೆಟ್ಟವ:

ಹಾಸಿಗೆ ಬಗ್ಗೆ ಯಾರೂ ಹೇಳಲಿಲ್ಲ. ಅದನ್ನು ಅಲ್ಲಿಂದ ಇಲ್ಲಿಗೆ ಎಳೆಯುವ ಮುಂಚೆ ತಿಗಣೆ ಇದೆಯಾ ನೋಡಿ. ಟಾರ್ಚ್ ಹಿಡಿದು ಹೊಲಿಗೆಯ ಅಂಚು, ಮೂಲೆ, ಮಂಚದ ಕೂಡಿಕೆಯ ಸಂದು ಪರೀಕ್ಷೆ ಮಾಡಿ. ಪೆನ್ನಲ್ಲಿ ಚುಕ್ಕೆ ಇಟ್ಟ ಹಾಗೆ ಕಪ್ಪು ಕಲೆ ಇದ್ದರೆ ಅದು ತಿಗಣೆಯ ಹಿಕ್ಕೆ. ಬೆಳೆದ ತಿಗಣೆ 5 ಮಿಲಿಮೀಟರ್ ಆಸುಪಾಸು, ಮೊಟ್ಟೆ 1 ಮಿಲಿಮೀಟರ್, ಬೆಳ್ಳಗಿರುತ್ತದೆ.

ಇದ್ದರೆ ಹಾಸಿಗೆಯನ್ನು ಇನ್ನೊಂದು ರೂಮಿಗೆ ಹಾಕಿ ಬಾಗಿಲು ಮುಚ್ಚಿದರೆ ಸಾಯುತ್ತವೆ ಅಂತ ನಂಬಬೇಡಿ. ರಕ್ತ ಸಿಗದೆ ತಿಂಗಳುಗಟ್ಟಲೆ ಬದುಕುತ್ತವೆ. ನಾವು ಹಾಗೆ ಮಾಡಿ ಎರಡೂ ರೂಮಿಗೆ ಹಬ್ಬಿಸಿಕೊಂಡೆವು, ಮಕ್ಕಳ ಕೈಮೇಲೆ ಸಾಲಾಗಿ ಗಂಧೆ ಎದ್ದಿತ್ತು. 50 ಡಿಗ್ರಿ ಸೆಲ್ಸಿಯಸ್ ಬಿಸಿ ಒಳಗಿನ ತನಕ ತಾಗಿದರೆ ಮೊಟ್ಟೆ ಸಮೇತ ಸಾಯುತ್ತವೆ, ಅದಕ್ಕೆ ಕೀಟ ನಿಯಂತ್ರಣದವರೇ ಬರಬೇಕು. ಹೊರಗೆ ಸಾಗಿಸುವುದಾದರೆ ಇದ್ದ ಜಾಗದಲ್ಲೇ ಪ್ಲಾಸ್ಟಿಕ್‌ನಲ್ಲಿ ಪೂರ್ತಿ ಮುಚ್ಚಿ, ಆಮೇಲೆ ಎತ್ತಿ. ಮರಕ್ಕೆ ಪ್ಲಾಸ್ಟಿಕ್ ಬೇಡ ಅಂದದ್ದು ಸರಿ, ಇದಕ್ಕೆ ಬೇಕೇ ಬೇಕು. ಮತ್ತೆ ಹಿಂದಿನ ಬಾಡಿಗೆಯವರು ಮಲಗಿದ ಹಾಸಿಗೆ ನಮಗೆ ಬೇಡ ಅನ್ನುವುದರಲ್ಲಿ ಸಂಕೋಚ ಪಡುವಂಥದ್ದು ಏನೂ ಇಲ್ಲ.

ತೆಳು ಪರದೆ:

ನನಗೆ ಅನ್ನಿಸುವುದು, ಇಷ್ಟೆಲ್ಲ ಯಾಕೆ? ಅವರ ಮಂಚವನ್ನೇ ಬಳಸಿ, ನಿಮ್ಮದನ್ನು ನೆಂಟರ ಮನೆಯಲ್ಲಿ ಇಡಿ. ಸೋಫಾಕ್ಕೆ ಒಂದು ಕವರ್ ಹೊಲಿಸಿ. ನಾನು ನಾಲ್ಕು ವರ್ಷ ಹಾಗೇ ಇದ್ದೆ, ಓನರ್ ಜೊತೆ ಒಂದು ದಿನವೂ ಮಾತಿಗೆ ಮಾತು ಬೆಳೆಯಲಿಲ್ಲ.

ಮೂರನೇ ಮಹಡಿ:

ಸೋಫಾ ಗಟ್ಟಿ ಇದ್ದಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಫೋಮ್ ಹಳೇದಾಗಿ ಪುಡಿ ಆಗುತ್ತಿದ್ದರೆ ಕವರ್ ಹಾಕಿದರೆ ನಿಲ್ಲುವುದಿಲ್ಲ, ಕೂತಾಗಲೆಲ್ಲ ಆ ಪುಡಿ ಏಳುತ್ತದೆ. ನೆಲದಲ್ಲಿ ಆಡುವ ಮಗು ಇರುವ ಮನೆ ಅಲ್ವಾ. ಒಳಗಿನ ಫೋಮ್ ಬದಲಾಯಿಸಲು ಓನರ್ ಒಪ್ಪಿದರೆ ಅದು ಬೇರೆ ಮಾತು.

ಖಾಲಿ ಗೋಡೆ:

ಎಲ್ಲರಿಗೂ ತುಂಬ ಥ್ಯಾಂಕ್ಸ್. ಹತ್ತು ದಿನದಲ್ಲಿ ಏನಾಯಿತು ಅಂತ ಹೇಳುತ್ತೇನೆ.

ಅವತ್ತು ರಾತ್ರಿಯೇ ಡ್ರಾಯರ್‌ಗೆ ಟೇಪ್ ಹಾಕಿದೆ. ಮಾರನೇ ದಿನ ನಲವತ್ತು ಫೋಟೋ ತೆಗೆದೆ. ಮೆಸೇಜ್‌ನ ಮೊದಲನೇ ಸಾಲಲ್ಲೇ ಬಾಡಿಗೆ ಇಳಿಸಲು ಕೇಳುತ್ತಿಲ್ಲ ಅಂತ ಬರೆದೆ. ಯಾವುದು ನಿಮಗೆ ಬೇಕಾದದ್ದು ಹೇಳಿ, ಅದನ್ನು ನಾವು ಜೋಪಾನ ಮಾಡುತ್ತೇವೆ ಅಂತಲೂ ಬರೆದೆ. ಎರಡು ದಿನ ಉತ್ತರ ಇಲ್ಲ. ಮೂರನೇ ದಿನ ಅವರೇ ಬಂದರು.

ಮನೆ ಕೊಟ್ಟವಳು ಮೇಡಂ ಹೇಳಿದ್ದು ನಿಜ ಆಯಿತು. ಶೋಕೇಸ್ ಅವರ ತಂದೆ ಮಾಡಿಸಿದ್ದಂತೆ. ಅದರ ಗಾಜಿನ ಮೇಲೆ ಕೈ ಆಡಿಸುತ್ತ ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದರು. ಅದನ್ನು ತೆಗೆಯಿರಿ ಅಂತ ಕೇಳಲು ನನಗೂ ಮನಸ್ಸು ಬರಲಿಲ್ಲ. ಗೋಡೆಗೆ ಬಿಗಿಯಲು ಒಪ್ಪಿದರು, ಅವತ್ತೇ ಸಂಜೆ ಕಾರ್ಪೆಂಟರ್‌ನ ಅವರೇ ಕರೆಸಿದರು. ಈಗ ಜಗ್ಗಿದರೂ ಅಲುಗುವುದಿಲ್ಲ.

ಹಾಸಿಗೆಯ ಹೊಲಿಗೆಯಲ್ಲಿ ಕಪ್ಪು ಚುಕ್ಕೆ ಸಿಗಲಿಲ್ಲ, ದೇವರ ದಯೆ. ಆದರೂ ಬೇಡ ಅಂದೆವು, "ಎಸೆದುಬಿಡಿ" ಅಂತ ಮೆಸೇಜ್‌ನಲ್ಲೇ ಬರೆದುಕೊಟ್ಟರು. ಮಂಚ ಗಟ್ಟಿ ಮರದ್ದು, ಬಿಚ್ಚಿ ಅಟ್ಟದ ಮೇಲೆ ಇಟ್ಟಿದ್ದೇವೆ, ಬೋಲ್ಟಿನ ಚೀಲ ಚೌಕಟ್ಟಿಗೇ ಕಟ್ಟಿದ್ದೇನೆ. ಮನೆ ಬಿಡುವಾಗ ಜೋಡಿಸಿಕೊಡುವುದು ನಮ್ಮ ಹೊಣೆ, ಅಟ್ಟದಲ್ಲಿ ತಾನಾಗಿ ಕೆಟ್ಟರೆ ನಮ್ಮದಲ್ಲ. ಇದಕ್ಕೂ ಅವರಿಂದ "ಸರಿ" ಬಂದಿದೆ.

ಸೋಫಾ ಇನ್ನೂ ಇತ್ಯರ್ಥ ಆಗಿಲ್ಲ. ಅವರೇ ಕೂತು ನೋಡಿದರು, ಎದ್ದಾಗ ಪ್ಯಾಂಟಿಗೆಲ್ಲ ಹಳದಿ ಪುಡಿ. ಕೊಡವಿಕೊಂಡು, ಅಣ್ಣನನ್ನು ಒಂದು ಮಾತು ಕೇಳಿ ಈ ಭಾನುವಾರ ಹೇಳುತ್ತೇನೆ ಅಂದಿದ್ದಾರೆ. ಉಳಿ ಸುತ್ತಿಗೆ ಅವರೇ, ಫೋಮ್ ಮಾತ್ರ ಬದಲಾಯಿಸೋಣ ಅಂತ ಅವರು ಅಂದರೆ ಚೌಕಟ್ಟು ಗಟ್ಟಿ ಇದೆಯೋ ಇಲ್ಲವೋ ಅಂತ ನಾವೇ ನೋಡಿಕೊಳ್ಳುವುದು ಹೇಗೆ?

ಉಳಿ ಸುತ್ತಿಗೆ:

ಮುಂದಿನ ಒಂದು ಮೂಲೆ ಹಿಡಿದು ಅರ್ಧ ಅಡಿ ಎತ್ತಿ. ಪಕ್ಕದ ಮುಂಗಾಲೂ ಜೊತೆಗೇ ಎದ್ದರೆ ಚೌಕಟ್ಟು ಗಟ್ಟಿ. ನೀವು ಎತ್ತಿದ ಮೂಲೆ ಮಾತ್ರ ಎದ್ದು ಅದು ನೆಲದಲ್ಲೇ ಉಳಿದರೆ ಕೂಡಿಕೆ ಸಡಿಲ ಆಗಿದೆ, ಅಂಥದ್ದಕ್ಕೆ ಹೊಸ ಫೋಮ್ ಹಾಕಿ ದುಡ್ಡು ಕಳೆಯುವುದು ಬೇಡ ಅಂತ ಅವರಿಗೆ ಹೇಳಿ. ಅವರ ಎದುರಿಗೇ ಎತ್ತಿ ತೋರಿಸಿ.